ಸಾಣೆಕಲ್ಲಿನ ತಾವರೆ

ಹಲಸೂರು ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ತಾವರೆ ಬೀಜ ಕೇಳಿದೆ. 'ಹೋಮಕ್ಕಾ ಸಾರ್, ಜಪಮಾಲೆಗಾ?' ಎಂದರು. ಬಿತ್ತೋದಕ್ಕೆ ಅಂದೆ. ಅಂಗಡಿಯವರು ತಕ್ಕಡಿ ಕೆಳಗಿಟ್ಟರು. 'ಕೆರೆ ಇದೆಯಾ?'

ಇಂದಿರಾನಗರದ ತಾರಸಿಯಲ್ಲಿ ಕೆರೆ ಎಲ್ಲಿಂದ ಬರಬೇಕು? ಮಗಳಿಗೆ ಸ್ನಾನ ಮಾಡಿಸುತ್ತಿದ್ದ ಟಬ್ಬಿತ್ತು. ಅವಳೀಗ ಕಾಲೇಜಿನಲ್ಲಿದ್ದಾಳೆ.

ತಾವರೆ ಬೀಜ ಕಪ್ಪಗೆ, ಗೋಲಿಯಷ್ಟು ಗಟ್ಟಿ. ಬಾಳುವುದೆಲ್ಲ ನೀರಿನಲ್ಲೇ, ಆದರೆ ಬೀಜ ಮಾತ್ರ ಒಂದು ಹನಿ ನೀರನ್ನೂ ಒಳಗೆ ಬಿಟ್ಟುಕೊಳ್ಳದು. ಹದಿನೈದು ದಿನ ನೆನೆಸಿಟ್ಟೆ. ಹಾಕಿದ ಹಾಗೇ ಕೂತಿದ್ದವು. ಕೊನೆಗೆ ಅಜ್ಜಿ ಗಂಧ ತೇಯುತ್ತಿದ್ದ ಸಾಣೆಕಲ್ಲು ನೆನಪಾಯಿತು. ಬೀಜದ ಗುಳಿಬಿದ್ದ ತುದಿಯನ್ನು ಕೆನೆಬಣ್ಣದ ತಿರುಳು ಇಣುಕುವವರೆಗೆ ತೇಯಬೇಕು, ಅದಕ್ಕಿಂತ ಆಚೆಗಲ್ಲ. ಮಾರನೆಯ ದಿನಕ್ಕೆ ಬೀಜ ಊದಿಕೊಂಡಿತ್ತು. ಐದನೆಯ ದಿನ ಹಸಿರು ಮೊಳಕೆ.

ಕಾಬಾಳೆಗೂ ಇದೇ ಉಪಚಾರ. ಕಂಟೋನ್ಮೆಂಟಿನ ಹಳೆ ಬಂಗಲೆಗಳ ಬಚ್ಚಲ ನೀರು ಕುಡಿದು ಕೆಂಪಗೆ, ಹಳದಿಯಾಗಿ ಅರಳುವ ಹೂವು ಅದು. ಅದರ ಬೀಜವನ್ನು ಇಂಗ್ಲಿಷರು ಬಂದೂಕಿನ ಚರೆಗೆ ಹೋಲಿಸಿ 'ಇಂಡಿಯನ್ ಶಾಟ್' ಎಂದರು. ಗಿಡದ ತವರು ಅಮೆರಿಕ ಖಂಡ, ಹೆಸರು ಮಾತ್ರ ನಮ್ಮದು. 1809ರಿಂದ ಸಿಪಾಯಿಗಳು ಬೀಡುಬಿಟ್ಟ ಊರಿಗೆ ಚರೆಯ ಹೂವು ಒಪ್ಪುತ್ತದೆ ಬಿಡಿ.

ತಾವರೆಗೆ ನಾನು ಮೊದಲು ಹಾಕಿದ್ದು ಎರೆಗೊಬ್ಬರ. ಅದೆಲ್ಲ ತೇಲಿ, ನೀರು ನಾತ ಹೊಡೆದು, ಪಕ್ಕದ ಮನೆಯ ಆಂಟಿ ಕಾಂಪೌಂಡಿನಾಚೆಯಿಂದ, 'ಏನ್ರೀ, ಸೊಳ್ಳೆ ಸಾಕ್ತಿದ್ದೀರಾ?' ಎಂದು ವಿಚಾರಿಸಿದರು. ತಾವರೆಗೆ ಬೇಕಾದ್ದು ಅಂಟು ಜೇಡಿ. ಕೆ.ಆರ್. ಪುರದ ಕಡೆ ಕೆರೆ ಹೂಳೆತ್ತುತ್ತಿದ್ದಲ್ಲಿಂದ ಎರಡು ಚೀಲ ಗೋಡು ತಂದೆ. ಶಿವಾಜಿನಗರದಿಂದ ನಾಲ್ಕು ಗಪ್ಪಿ ಮೀನು ಬಂದವು. ಆಂಟಿ ಸುಮ್ಮನಾದರು.

ಗೋಡು ಸುರಿಯುವಾಗ ಚೀನಾದ ಬೀಜವೊಂದು ನೆನಪಾಗುತ್ತಿತ್ತು. ಅಲ್ಲಿನ ಲಿಯಾವೊನಿಂಗ್ ಪ್ರಾಂತ್ಯದ ಬತ್ತಿದ ಕೆರೆಯಂಗಳದಲ್ಲಿ ಸಿಕ್ಕ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತದ್ದನ್ನು ಜೇನ್ ಶೆನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ನಮ್ಮಲ್ಲೂ ಬತ್ತಿದ ಕೆರೆಗಳಿಗೇನು ಬರವೇ? ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ ಆಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಪೆನಾಲ್ಟಿ ಒದೆಯುವ ಹುಡುಗನ ಬೂಟಿನಡಿ ಎಷ್ಟು ಬೀಜ ಮಲಗಿವೆಯೋ.

ಮೊದಲ ವರ್ಷ ಬರೀ ಎಲೆ. ಆರಂಭದಲ್ಲಿ ರೂಪಾಯಿ ನಾಣ್ಯದಂತೆ ತೇಲುವವು, ಆಮೇಲೆ ನೀರು ಬಿಟ್ಟು ಮೇಲೆದ್ದು ಕೊಡೆ ಹಿಡಿಯುವವು. ಎರಡನೆಯ ವರ್ಷದ ಏಪ್ರಿಲಿನಲ್ಲಿ ಒಂದು ಮೊಗ್ಗು. ತಾವರೆ ಹೂವು ತನ್ನ ಒಡಲನ್ನು ತಾನೇ 30ರಿಂದ 36 ಡಿಗ್ರಿಯಷ್ಟು ಬೆಚ್ಚಗಿಟ್ಟುಕೊಳ್ಳುತ್ತದೆ, ಹೊರಗೆ ಚಳಿಯಿದ್ದರೂ. ರಾತ್ರಿ ತಂಗಲು ಬರುವ ದುಂಬಿಗಳಿಗಾಗಿ ಈ ಏರ್ಪಾಡಂತೆ. ನಮ್ಮ ತಾರಸಿಗೆ ಒಂದು ದುಂಬಿಯೂ ಬರಲಿಲ್ಲ. ನಾಲ್ಕನೆಯ ದಿನ ಎಸಳು ಉದುರಿದವು.

ಬೀಜದ ತಟ್ಟೆ ಒಣಗಿದ ಮೇಲೆ ಅಲ್ಲಾಡಿಸಿ ನೋಡಿದೆ. ಹೆಚ್ಚಿನವು ಟೊಳ್ಳು, ಗಟ್ಟಿಯಾದವು ಮೂರೇ. ಒಂದು ಆಂಟಿಗೆ ಹೋಯಿತು. ಉಳಿದ ಎರಡು ಯಾರಿಗಾದರೂ ಬೇಕಿದ್ದರೆ ಬನ್ನಿ, ಸಾಣೆಕಲ್ಲು ಮಾತ್ರ ಮನೆಯಿಂದಲೇ ತನ್ನಿ.