ಪುಟ್ಟಿಯ ಅಡಿಯ ತುಕ್ಕು

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ 1986ರ ಒಂದು ಪ್ರೀಮಿಯರ್ ಪದ್ಮಿನಿ ಕಾರು ನಿಂತಿದೆ. ಹೆಸರು ಪದ್ಮಿನಿಯಾದರೂ ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಅದು ‘ಫಿಯೆಟ್’. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದರು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಹಳೆಯ ಹಿಂದಿ ಸಿನಿಮಾಗಳಲ್ಲಿ ಕಾಣುವ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಇದೇ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ನಮ್ಮದು ಅದಕ್ಕೂ ಐದು ವರ್ಷ ಮೊದಲೇ, ದಾದಾ ಅವರಿಗೆ ಲಕ್ವಾ ಹೊಡೆದ ವರ್ಷವೇ ನಿಂತುಹೋಗಿತ್ತು.

1991ರಲ್ಲಿ ದಾದಾ ಇದನ್ನು ಸೆಕೆಂಡ್ ಹ್ಯಾಂಡ್ ಆಗಿ 62,000 ರೂಪಾಯಿಗೆ ಕೊಂಡಿದ್ದರು. ಆಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವರಿಗೆ ಬಟ್ಟೆಯ ಚಿಕ್ಕ ಅಂಗಡಿ ಇತ್ತು. ಮದುವೆ ಎಂದರೆ ಸಾಗರಕ್ಕೆ, ನೆಂಟರು ಬಂದರೆ ಜೋಗಕ್ಕೆ, ಒಂದೇ ಕಾರಿನಲ್ಲಿ ಎಂಟು ಜನ. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರುವುದರಿಂದ ಮುಂದಿನ ಸೀಟಿನಲ್ಲೂ ಮೂವರು ಕೂರಬಹುದಿತ್ತು. ಮಲೆನಾಡಿನ ಮಳೆಯಲ್ಲಿ ಇಷ್ಟು ವರ್ಷ ಓಡಿದ ತಗಡಿನ ಗತಿ ಏನಾಗಿರುತ್ತದೆ ಎಂದು ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಅಬ್ಬಾ ಕಾರನ್ನು ಮಾರುವ ಮಾತೆತ್ತಿದರು. ಆಪಾಳ ಬಿ.ಎಡ್. ಫೀಸು ಕಟ್ಟಬೇಕಿತ್ತು. ಗುಜರಿಯವರು ತೂಕದ ಲೆಕ್ಕದಲ್ಲಿ 22,000 ಎಂದರು. ಹಳೆಯ ಕಾರುಗಳ ಹುಚ್ಚಿದ್ದ ದಾವಣಗೆರೆಯ ಒಬ್ಬರು ಬಂದು ನೋಡಿ, “ಬಾಡಿ ಸರಿ ಮಾಡಿಸಿ, ಪೇಂಟ್ ಮಾಡಿಸಿ ಕೊಟ್ಟರೆ ಒಂದು ಲಕ್ಷದ ನಲವತ್ತು ಸಾವಿರ ಕೊಡ್ತೀನಿ” ಎಂದರು. ಆ ಹೊತ್ತಿಗೆ ನಮಗೆ ಕ್ಲಾಸಿನಲ್ಲಿ ಸವಕಳಿಯ ಪಾಠ ನಡೆಯುತ್ತಿತ್ತು. ಇಳಿಕೆ ಶೇಷ ಪದ್ಧತಿಯಲ್ಲಿ ವರ್ಷಕ್ಕೆ ಶೇಕಡಾ 15ರಂತೆ 34 ವರ್ಷ ಕಳೆದು ನೋಡಿದೆ. ದಾದಾ ಅವರ ಕಾರಿನ ಪುಸ್ತಕ ಬೆಲೆ 247 ರೂಪಾಯಿ. ಅಬ್ಬಾಗೆ ತೋರಿಸಿದೆ. “ಎರಡು ಪ್ಲೇಟ್ ಬಿರಿಯಾನಿ ಬರತ್ತೆ, ಅಷ್ಟೇ” ಎಂದು ನಕ್ಕರು. ದಾದಾ ನಗಲಿಲ್ಲ.

ನಮ್ಮ ಮಾಮು ಟಿಂಕರ್. ಆಟೊ ಕಾಂಪ್ಲೆಕ್ಸ್‌ನಲ್ಲಿ ಇಪ್ಪತ್ತು ವರ್ಷದಿಂದ ಗುದ್ದಿದ ಕಾರುಗಳ ತಗಡು ನೇರ ಮಾಡುವ ಕೆಲಸ ಅವರದು. ಒಂದು ಶುಕ್ರವಾರ ನಮಾಜಿನ ನಂತರ ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಕಾರಿನ ಮೈಮೇಲೆಲ್ಲ ಅದನ್ನು ನಿಧಾನವಾಗಿ ಸರಿಸಿದರು. ಬಾನೆಟ್ಟಿಗೆ ಅಂಟಿತು, ಛಾವಣಿಗೆ ಅಂಟಿತು, ಡಿಕ್ಕಿಗೂ ಅಂಟಿತು. ಡ್ರೈವರ್ ಬಾಗಿಲಿನ ಕೆಳಗೆ ಬಂದಾಗ ಅವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮತ್ತೊಮ್ಮೆ ಇಟ್ಟರು, ಮತ್ತೆ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ. ಯಾವ ಕಾಲದಲ್ಲೋ ಯಾರೋ ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಿಳಿ ಬಣ್ಣ ಹೊಡೆದಿದ್ದರು. (ಗೆಳತಿಯರಿಗೆ ಹೇಳಿದಾಗ ‘ಯಾವ ಪುಟ್ಟಿ, ಯಾರ ಮನೆ ಪುಟ್ಟಿ’ ಎಂದು ತಮಾಷೆ ಮಾಡಿದರು. ಇದು ಹಾರ್ಡನರ್ ಬೆರೆಸಿ ಹಚ್ಚುವ ಪುಟ್ಟಿ.) ಮಾಮು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರು. ಹಪ್ಪಳದಂತೆ ಮುರಿದು, ಒಳಗಿನಿಂದ ಒದ್ದೆ ಮಣ್ಣು, ತುಕ್ಕಿನ ಪುಡಿ ಉದುರಿತು.

ನಮ್ಮ ಮನೆಯ ಉರ್ದುವಿನಲ್ಲಿ ತುಕ್ಕಿಗೂ ‘ಜಂಗ್’, ಯುದ್ಧಕ್ಕೂ ‘ಜಂಗ್’. ಅವತ್ತು ಎರಡೂ ಆಯಿತು.

ಅಬ್ಬಾ ಅವರ ವಾದ ಸರಳವಾಗಿತ್ತು. ಮಾರುವ ಕಾರು, ಮತ್ತೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಒಂದು ವಾರದ ಕೆಲಸ. “ತಗೊಳ್ಳೋನು ಅಯಸ್ಕಾಂತ ಹಿಡ್ಕೊಂಡು ಬರ್ತಾನಾ?” ಎಂದರು. ಅವರು ಮೋಸಗಾರರಲ್ಲ. ಫೀಸಿನ ಕೊನೆಯ ದಿನಾಂಕ ಅವರ ತಲೆಯಲ್ಲಿತ್ತು. ಮಾಮು ಏಳಲಿಲ್ಲ, ನೆಲದ ಮೇಲೆ ಕೂತೇ ಉತ್ತರಿಸಿದರು: “ಭಾಯ್, ಲಾರಿಗೆ, ಜೀಪಿಗೆ ಚಾಸಿ ಬೇರೆ, ಬಾಡಿ ಬೇರೆ. ಇದಕ್ಕೆ ಬಾಡಿನೇ ಚಾಸಿ. ಈ ಪಟ್ಟಿ ಕಾರಿನ ಬೆನ್ನುಮೂಳೆ. ಡೋರಿಗೆ ಪುಟ್ಟಿ ಹಾಕು ಅನ್ನು, ಹಾಕ್ತೀನಿ. ಇಲ್ಲಿ ಹಾಕಲ್ಲ.”

ಆಮೇಲೆ ನಾನು ಓದಿ ತಿಳಿದುಕೊಂಡೆ, ಮಾಮು ಹೇಳಿದ್ದು ಸರಿ. ಫಿಯೆಟ್ 1100ಕ್ಕೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೊಳ್ಳು ಪಟ್ಟಿ, ಛಾವಣಿ ಎಲ್ಲವೂ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಪಟ್ಟಿ ಕೊಳೆತರೆ ಪೆಟ್ಟಿಗೆ ಸಡಿಲವಾಗುತ್ತದೆ, ಬಾಗಿಲುಗಳು ಸರಿಯಾಗಿ ಕೂರುವುದಿಲ್ಲ. ಅಪಘಾತವಾದರೆ ಒಳಗೆ ಕೂತವರಿಗೂ ಹೊರಗಿನ ಪೆಟ್ಟಿಗೂ ನಡುವೆ ಇರುವುದು ಪುಟ್ಟಿ ಮಾತ್ರ. ಆ ಪುಟ್ಟಿಯೂ ನೀರು ಹೀರುತ್ತದೆ. ಹಿಂಬದಿಯಿಂದ ತೇವ ಬಂದರೆ ಮೇಲಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಳಗೆ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ.

ಆ ರಾತ್ರಿ ಇಬ್ಬರೂ ಮಾತಾಡಲಿಲ್ಲ. ಬೆಳಿಗ್ಗೆ ದಾದಾ ಕುರ್ಚಿಯನ್ನು ಶೆಡ್ಡಿಗೆ ಹಾಕಿಸಿಕೊಂಡು ಕೂತರು. ಏನೂ ಹೇಳಲಿಲ್ಲ, ಕೂತರು ಅಷ್ಟೇ. ಅಬ್ಬಾ ಸ್ವಲ್ಪ ಹೊತ್ತು ನೋಡಿ, “ಕತ್ತರಿಸು” ಎಂದು ಮಾಮುಗೆ ಫೋನ್ ಮಾಡಿದರು.

ಮಾಮು ಬರುತ್ತಿದ್ದುದು ಶುಕ್ರವಾರ ಮಧ್ಯಾಹ್ನ ಮತ್ತು ಕೆಲವು ರಾತ್ರಿ ಇಶಾ ನಮಾಜಿನ ನಂತರ. ರಂಜಾನಿನಲ್ಲಿ ಕೆಲಸ ನಿಂತಿತ್ತು. ಮೊದಲು ಬ್ಯಾಟರಿ ಬಿಚ್ಚಿದರು, ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿದರು. ವೆಲ್ಡಿಂಗ್ ಕಿಡಿಗೂ ಪೆಟ್ರೋಲಿನ ಆವಿಗೂ ನೆಂಟಸ್ತನ ಬೇಡ ಎಂದು. ಕಾರಿನ ಕೆಳಗೆ ನಾಲ್ಕು ಕಡೆ ಮರದ ದಿಮ್ಮಿ ಕೊಟ್ಟು, ಬಾಗಿಲು ಇದ್ದ ಹಾಗೆಯೇ ಮುಚ್ಚಿ ಸಂದು ಅಳೆದರು. ಕೊಳೆತ ಪಟ್ಟಿಯನ್ನು ಒಂದೇ ಸಲ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ. ಅದಕ್ಕೆ ಒಂದೊಂದು ಅಡಿ ಕತ್ತರಿಸಿ, ಅಷ್ಟಕ್ಕೇ ಹೊಸ ತಗಡು ಕೂರಿಸಿ ಮುಂದೆ ಹೋಗಬೇಕು. ಪಟ್ಟಿಗೆ 18 ಗೇಜ್ ತಗಡು, ನೆಲಕ್ಕೆ 20 ಗೇಜ್. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 18 ಎಂದರೆ ಸುಮಾರು 1.2 ಮಿಲಿಮೀಟರ್, 20 ಎಂದರೆ 0.9.

ವೆಲ್ಡಿಂಗನ್ನು ನಾನು ಗೆರೆ ಎಳೆದಂತೆ ಒಂದೇ ಸಮನೆ ಮಾಡುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಇಲ್ಲೊಂದು ಚುಕ್ಕೆ, ಅಷ್ಟು ದೂರದಲ್ಲಿ ಇನ್ನೊಂದು ಚುಕ್ಕೆ. ನಡುವೆ ತಣ್ಣಗಾಗಲು ಬಿಡಬೇಕು. ಒಂದೇ ಕಡೆ ಬಿಸಿ ಮಾಡಿದರೆ ತೆಳು ತಗಡು ಹಿಗ್ಗಿ, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬಾಗಿಲಿನಲ್ಲಿದ್ದ ಹಳೆಯ ಗುದ್ದನ್ನು ಮಾಮು ಸುತ್ತಿಗೆ ಮತ್ತು ಡಾಲಿಯಿಂದ ತೆಗೆದರು. ಡಾಲಿ ಎಂದರೆ ಅಂಗೈಯಲ್ಲಿ ಹಿಡಿಯುವ ನಯವಾದ ಉಕ್ಕಿನ ಗಟ್ಟಿ. ತಗಡಿನ ಹಿಂದೆ ಅದನ್ನು ಒತ್ತಿ ಹಿಡಿದು ಮುಂದಿನಿಂದ ಮೆಲ್ಲಗೆ ಬಡಿಯಬೇಕು. ದಾದಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದರು. ‘ಟಕ್’ ಬದಲು ‘ಟಣ್’ ಎಂದರೆ ಡಾಲಿ ಸರಿಯಾದ ಜಾಗದಲ್ಲಿದೆ ಎಂದರ್ಥ. ಮಾಮುಗಿಂತ ಮೊದಲೇ ದಾದಾ ತಲೆ ಆಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ನನ್ನ ಪಾಲಿಗೆ ಬಂದದ್ದು ತುಕ್ಕು ಉಜ್ಜುವುದು ಮತ್ತು ಲೆಕ್ಕ. ಕೈ ಹಾಳಾಗುತ್ತದೆ, ಈದ್‌ಗೆ ಮೆಹಂದಿ ಹತ್ತುವುದಿಲ್ಲ ಎಂದು ದಾದಿಗೆ ಚಿಂತೆ. ಮಾಮು ಮಾತ್ರ, “ಉಜ್ಜಿದ್ದು ಸರಿಯಾಗಿದೆಯಾ ಅಂತ ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳತ್ತೆ, ಬೇಟಾ. ಕಣ್ಣು ಮುಚ್ಚಿ ಸವರು” ಎಂದರು. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿ ವಾಟರ್ ಪೇಪರಿನಿಂದ ಉಜ್ಜಿದಾಗ, ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಮಾತ್ರ ಪುಟ್ಟಿ, ಉಗುರಿನ ದಪ್ಪದಷ್ಟು. ಮಾಮುಗೆ ಪುಟ್ಟಿಯ ಮೇಲೆ ದ್ವೇಷವಿಲ್ಲ. ಅದು ತಗಡಿನ ಕೆಲಸ ಮಾಡಬಾರದು, ಅಷ್ಟೇ.

ಲೆಕ್ಕದ ಪುಸ್ತಕದಲ್ಲಿ ತಗಡು 2,100, ಗ್ಯಾಸು 3,400, ಡಿಸ್ಕು, ಪೇಪರು 1,850, ತುಕ್ಕಿನ ಆಸಿಡ್, ರೆಡ್ ಆಕ್ಸೈಡ್ 1,650, ರಬ್ಬರ್ ಬೀಡಿಂಗ್ 2,600, ಪುಟ್ಟಿ 900. ಒಟ್ಟು 12,500, ಬಣ್ಣ ಬಿಟ್ಟು. ‘ಮಾಮು ಕೂಲಿ’ ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ನಮ್ಮ ಅಕೌಂಟೆನ್ಸಿ ಮೇಡಂ ಅವರನ್ನು ಕೇಳಿದೆ. ಹೊರಗಿನವರಾಗಿದ್ದರೆ ಎಷ್ಟು ಕೊಡಬೇಕಿತ್ತೋ ಅದನ್ನು ಬರೆದು ನೋಡು ಎಂದರು. ಬರೆದೆ: 34,000. ಅಬ್ಬಾ ಆ ಪುಟ ನೋಡಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಮುಂದಿನ ಶುಕ್ರವಾರ ಮಾಮುವಿನ ಊಟಕ್ಕೆ ಅವರೇ ಹೋಗಿ ಮಟನ್ ತಂದರು.

ಆದರೆ ಕೆಲಸ ನಿಧಾನವಾಯಿತು. ಫೀಸಿನ ದಿನ ಬಂದಾಗ ಕಾರು ರೆಡ್ ಆಕ್ಸೈಡಿನಲ್ಲಿ ಕೆಂಪಗೆ ನಿಂತಿತ್ತು. ಅಬ್ಬಾ ಒಂದು ಲಕ್ಷದ ಚೀಟಿಯನ್ನು ಕೂಗಿ 74,000ಕ್ಕೆ ಎತ್ತಿದರು. ಆಪಾ ಸೇರಿದಳು. ಆ 26,000ವನ್ನು ಕಾರಿನ ಖರ್ಚಿಗೆ ಸೇರಿಸಬೇಕೇ ಎಂದು ನಾನು ಯಾರನ್ನೂ ಕೇಳಿಲ್ಲ.

ದಾವಣಗೆರೆಯವರು ಜೂನ್‌ನಲ್ಲಿ ಮತ್ತೆ ಬಂದರು. ತೂತು, ಕತ್ತರಿಸಿದ ಪಟ್ಟಿ, ಹೊಸ ತಗಡು ಎಲ್ಲದರ ಫೋಟೊ ನನ್ನ ಮೊಬೈಲಿನಲ್ಲಿತ್ತು. ಅಬ್ಬಾ ಅವರೇ, “ತೋರಿಸು” ಎಂದರು. ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ಇಷ್ಟು ಕೊಳೆತಿತ್ತು ಎಂದು ಗೊತ್ತಿರಲಿಲ್ಲ, 95,000ಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು. ಫೋಟೊ ತೋರಿಸದಿದ್ದರೆ 1,40,000 ಸಿಗುತ್ತಿತ್ತು. ನನಗೆ ಇವತ್ತಿಗೂ ಇದು ವಿಚಿತ್ರ: ಗಟ್ಟಿಯಾಗಿರುವ ಕಾರಿಗೆ ಬೆಲೆ ಕಡಿಮೆ, ಕೊಳೆತದ್ದನ್ನು ಮುಚ್ಚಿಟ್ಟರೆ ಹೆಚ್ಚು. ಯೋಚಿಸಿ ಹೇಳುತ್ತೇವೆ ಎಂದು ಅಬ್ಬಾ ಚಹಾ ಕೊಟ್ಟು ಕಳಿಸಿದರು.

ಇನ್ನೂ ಬಣ್ಣ ಆಗಿಲ್ಲ. ಗಾಳಿಯಲ್ಲಿ ತೇವವಿದ್ದಾಗ ಎನ್‌ಸಿ ಪೇಂಟ್ ಹೊಡೆದರೆ ಮೇಲೆ ಬೆಳ್ಳಗೆ ಬೂದಿ ಕಟ್ಟಿದಂತಾಗುತ್ತದೆ. ಮಳೆ ಪೂರ್ತಿ ನಿಂತ ಮೇಲೆಯೇ ಎಂದು ಮಾಮು ಹೇಳಿದ್ದಾರೆ. ಆರ್‌ಸಿ ನವೀಕರಣ ಬೇರೆ ಇದೆ. 2022ರ ಏಪ್ರಿಲ್‌ನಲ್ಲಿ 600 ಇದ್ದ ಶುಲ್ಕ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ‘ವಿಂಟೇಜ್’ ಎನ್ನಿಸಿಕೊಳ್ಳಲು 50 ವರ್ಷ ತುಂಬಬೇಕು, ಅಂದರೆ ನಮ್ಮದು 2036ರವರೆಗೆ ಬರೀ ಹಳೆಯ ಕಾರು.

ಮಾರುವ ಮಾತನ್ನು ಅಬ್ಬಾ ಜೂನ್ ನಂತರ ಎತ್ತಿಲ್ಲ. ಇಟ್ಟುಕೊಳ್ಳೋಣ ಎಂದೂ ಹೇಳಿಲ್ಲ. ನನಗೆ ಫೆಬ್ರವರಿಯಲ್ಲಿ 18 ತುಂಬುತ್ತದೆ. ಎಲ್‌ಎಲ್‌ಗೆ ಯಾವ ಯಾವ ದಾಖಲೆ ಬೇಕು ಎಂದು ಅವರು ಮೊನ್ನೆ ಸೈಬರ್ ಸೆಂಟರಿನಲ್ಲಿ ವಿಚಾರಿಸುತ್ತಿದ್ದರಂತೆ. ಅಮ್ಮಿ ಹೇಳಿದರು.