ಬೂದಿಗುಡ್ಡ ಕಲಿಸಿದ್ದು

ಮ್ಯೂಸಿಯಂಗೆ ಹೋದರೆ ನಾನು ಮೊದಲು ಹುಡುಕೋದು ‘ಉಪಯೋಗ ತಿಳಿದಿಲ್ಲ’ ಅಂತ ಬರೆದ ಫಲಕವನ್ನು. ಹಾಗೆ ಬರೆಯುವ ಧೈರ್ಯ ನಮ್ಮ ವೃತ್ತಿಯಲ್ಲಿ ಕಡಿಮೆ. ‘ನಿಗೂಢ ವಸ್ತು ಪತ್ತೆ’ ಅಂದರೆ ಡೆಸ್ಕಿನವರು ಜಾಗ ಕೊಡುತ್ತಾರೆ. ‘ಏನೆಂದು ಇನ್ನೂ ಗೊತ್ತಾಗಿಲ್ಲ’ ಅಂದರೆ ಕೊಡಲ್ಲ.

ಇದಕ್ಕೆ ನನಗೆ ನೆನಪಾಗೋದು ಬಳ್ಳಾರಿ ಸೀಮೆಯ ಬೂದಿಗುಡ್ಡಗಳು. ಅಲ್ಲಿನ ಹೆಂಟೆ ಕೆಲವು ಕಡೆ ಕಬ್ಬಿಣದ ಕಿಟ್ಟದ ಹಾಗೆ ಕರಗಿ ಗಟ್ಟಿಯಾಗಿರುತ್ತದೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂದರು. ಓದಿದವರೂ ಊಹೆಯಲ್ಲಿ ಹಿಂದೆ ಬೀಳಲಿಲ್ಲ. ಜ್ವಾಲಾಮುಖಿ ಅಂದರು, ಲೋಹ ಕರಗಿಸಿದ ಜಾಗ ಅಂದರು, ಸಾಮೂಹಿಕ ಚಿತೆ ಅಂದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕೊಟ್ಟ ಉತ್ತರ ಬಹಳ ಸಪ್ಪೆ: ಸುಟ್ಟ ಸಗಣಿ. ಮುಂದೆ ಬೂದಿಯನ್ನು ಪರೀಕ್ಷಿಸಿದಾಗ ಅದೇ ನಿಜವಾಯಿತು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿಗುಡ್ಡವನ್ನು ರೇಮಂಡ್ ಆಲ್ಚಿನ್ ಅಗೆದರು. ಬೇಲಿ ಕಂಬ ನೆಟ್ಟ ಕುಣಿಗಳು ಸಿಕ್ಕವು, ದನದ ಗೊರಸಿನ ಗುರುತೂ ಸಿಕ್ಕಿತು. ಅದು 4,000 ವರ್ಷಕ್ಕೂ ಹಿಂದಿನ ದನದ ದೊಡ್ಡಿ.

ಅಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದೇಕೆ? ಆಲ್ಚಿನ್ ನಮ್ಮ ಬೆಂಕಿಯ ಹಬ್ಬಗಳ ಕಡೆ ಕೈ ತೋರಿಸಿದರು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸೋದನ್ನು ನೋಡಿದವರಿಗೆ ಆ ಮಾತು ಹಿಡಿಸುತ್ತದೆ. ಆದರೆ ಹಿಡಿಸಿದ ಮಾತ್ರಕ್ಕೆ ಸಾಬೀತಾಗಲ್ಲ. ಸಗಣಿ ಅನ್ನೋದಕ್ಕೆ ಗೊರಸಿನ ಸಾಕ್ಷಿ ಇದೆ. ಹಬ್ಬ ಅನ್ನೋದು ಇವತ್ತಿಗೂ ಊಹೆಯೇ.

ನಮಗೆ ಬೇಕಾದ್ದು ಈ ವ್ಯತ್ಯಾಸ. ಹೊಲ ಉಳುವಾಗ ಸಿಕ್ಕ ಕಲ್ಲಿಗೆ ಪತ್ರಿಕೆ ಬೆಳಿಗ್ಗೆ ಒಂದು ದೇವರ ಹೆಸರಿಟ್ಟರೆ ಸಂಜೆಗೆ ಅರಿಶಿನ ಕುಂಕುಮ ಬೀಳುತ್ತದೆ, ವಾರದಲ್ಲಿ ಚಪ್ಪರ ಏಳುತ್ತದೆ. ಆಮೇಲೆ ಅಲ್ಲಿ ಉಳೋಕೆ ರೈತ ಯಾರ ಅಪ್ಪಣೆ ಕೇಳಬೇಕು? ಉಲ್ಟಾ ‘ಬರೀ ಬೂದಿ’ ಅಂದುಬಿಟ್ಟರೂ ಕಷ್ಟ: ದಿಬ್ಬ ಟ್ರ್ಯಾಕ್ಟರಿನಲ್ಲಿ ಗೊಬ್ಬರವಾಗಿ ಹೋಗುತ್ತದೆ. ಕಂಬದ ಕುಣಿ, ಗೊರಸಿನ ಗುರುತು ಒಮ್ಮೆ ಹೋದರೆ ಮುಂದಿನವರು ಏನನ್ನು ಪರೀಕ್ಷಿಸುತ್ತಾರೆ?

ಅದಕ್ಕೇ ಇಂಥ ಸುದ್ದಿ ಬಂದಾಗ ನಾನು ಮೂರು ಸಾಲು ಬೇರೆ ಬೇರೆ ಬರೆಯುತ್ತೇನೆ: ಕಣ್ಣಿಗೆ ಕಂಡದ್ದು, ಊರಿನವರು ಹೇಳುವುದು, ಪರೀಕ್ಷೆಯಿಂದ ಗೊತ್ತಾದದ್ದು. ಮೂರನೆಯದು ಬಹಳ ಸಲ ಖಾಲಿ ಇರುತ್ತದೆ. ಖಾಲಿಯಾಗಿಯೇ ಕಳಿಸುತ್ತೇನೆ.