ಮುಕ್ತಿನಾಥದ ಮೇಲೆ ಅಕಾಲದ ಹಿಮ

ಮುಕ್ತಿನಾಥ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಸಾಲಿಗ್ರಾಮ. ದೇವರ ಪೆಟ್ಟಿಗೆಯಲ್ಲಿ ತುಳಸಿಯ ಕೆಳಗೆ ಕೂತ ಆ ಕಪ್ಪು ಕಲ್ಲಿನ ತವರು ನೇಪಾಳದ ಗಂಡಕಿ ನದಿ. ಅದೇ ಕಣಿವೆಯ ಮೇಲ್ಗಡೆ ಈ ಕ್ಷೇತ್ರ. ಗುಡಿಯ ಹಿಂದೆ ನೂರೆಂಟು ಧಾರೆಗಳು. ಆ ಕೊರೆಯುವ ನೀರಿಗೆ ತಲೆಕೊಟ್ಟವರು "ಜೀವ ಹೋಗಿ ಬಂತು ಕಣ್ರೀ" ಅಂತಾರೆ.

ಗುಡಿಯಿಂದ ಪೂರ್ವಕ್ಕೆ ತೊರೋಂಗ್ ಲಾ ಎಂಬ ಘಟ್ಟದ ನೆತ್ತಿ, 5416 ಮೀಟರ್ ಎತ್ತರ. ಅನ್ನಪೂರ್ಣಾ ಪರ್ವತವನ್ನು ಕಾಲ್ನಡಿಗೆಯಲ್ಲಿ ಸುತ್ತುವವರು ಆಚೆಯ ಮನಾಂಗ್ ಕಡೆಯಿಂದ ಹತ್ತಿ, ಇದನ್ನು ದಾಟಿ ಮುಕ್ತಿನಾಥಕ್ಕೆ ಇಳಿಯುತ್ತಾರೆ. ಅಕ್ಟೋಬರ್ ಬಂತೆಂದರೆ ಅಲ್ಲಿ ಜನವೋ ಜನ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ, ದೊಡ್ಡ ಹಿಮಕ್ಕೆ ಇನ್ನೂ ಸಮಯವಿರುತ್ತದೆ.

2014ರಲ್ಲಿ ಈ ನಂಬಿಕೆಯೇ ಮುಳುವಾಯ್ತು. ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ನಮ್ಮ ಹವಾಮಾನ ಇಲಾಖೆ ಮೊದಲೇ ಹೇಳಿದ್ದರಿಂದ ಕರಾವಳಿಯ ಲಕ್ಷಾಂತರ ಜನರನ್ನು ಸಾಗಿಸಿಯಾಗಿತ್ತು. ನೆಲಕ್ಕೆ ಬಂದ ಬಿರುಗಾಳಿಯ ಬಲ ಕುಂದುತ್ತದೆ, ನಿಜ. ಆದರೆ ಹೊತ್ತು ತಂದ ನೀರನ್ನೆಲ್ಲ ಅದು ಅಲ್ಲೇ ಚೆಲ್ಲಿಬಿಡುವುದಿಲ್ಲ. ಉತ್ತರಕ್ಕೆ ಸಾಗಿದ ಆ ಹಸಿ ಗಾಳಿ ಪಶ್ಚಿಮದಿಂದ ಬಂದ ತಣ್ಣನೆಯ ಮೇಲ್ಗಾಳಿಯನ್ನು ಸಂಧಿಸಿ, ಹಿಮಾಲಯವನ್ನೇರಿ, ಎತ್ತರದಲ್ಲಿ ಹಿಮವಾಗಿ ಸುರಿಯಿತು. ಒಲೆಯ ಹಬೆ ತಣ್ಣನೆಯ ತಟ್ಟೆಗೆ ತಾಗಿ ಹನಿಗಟ್ಟುವುದನ್ನು ನಾವು ದಿನಾ ನೋಡುತ್ತೇವಲ್ಲ, ಸುಮಾರಾಗಿ ಹಾಗೆಯೇ.

14ರಂದು ಘಟ್ಟ ದಾಟುತ್ತಿದ್ದವರಿಗೆ ಸೊಂಟದ ಮಟ್ಟ ಹಿಮ, ಕಣ್ಣೆದುರು ಬರೀ ಬಿಳುಪು. ನೆತ್ತಿಯ ಪುಟ್ಟ ಚಹಾ ಅಂಗಡಿಯಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಇಳಿಯಹೊರಟ ಹಲವರು ದಾರಿ ತಪ್ಪಿದರು. ಆ ಹಿಮಗಾಳಿಗೆ ನೇಪಾಳದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಪರದೇಶದವರಷ್ಟೇ ಅಲ್ಲ, ಅವರ ಮೂಟೆ ಹೊತ್ತ ಆಳುಗಳು, ದಾರಿ ತೋರಿಸುವವರು, ಯಾಕ್ ಕಾಯುವವರೂ ಇದ್ದರು.

ಎರಡು ದಿನ ಅಂತರವಿತ್ತು, ನೋಡಿ. ಕಡಲ ದಂಡೆಯ ಬೆಸ್ತರಿಗೆ ಮುಟ್ಟಿದ ಎಚ್ಚರಿಕೆ ಬೆಟ್ಟ ಹತ್ತುವವರ ಕಿವಿಗೆ ಬೀಳಲಿಲ್ಲ. ಬದುಕಿ ಬಂದ ಹಲವರು ಹೇಳಿದ್ದೂ ಅದನ್ನೇ. ಹವೆಯನ್ನು ಮುಂದಾಗಿ ತಿಳಿಯುವುದಕ್ಕಿಂತ ಅದನ್ನು ಹಾದಿಯಲ್ಲಿರುವವರಿಗೆ ತಲುಪಿಸುವುದೇ ಕಷ್ಟವೇನೋ ಎನಿಸುತ್ತದೆ.

ನಮ್ಮ ಯಾತ್ರಿಕರು ಸಾಮಾನ್ಯವಾಗಿ ಈ ಘಟ್ಟ ಹತ್ತುವುದಿಲ್ಲ. ಪೋಖರಾದಿಂದ ಜೋಮ್‌ಸೋಮ್ ಮೂಲಕ ಜೀಪಿನಲ್ಲಿ ಹೋಗುತ್ತಾರೆ. ಆದರೂ ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಹೊರಟವರು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಕೇಳಿದರೆ ಪೋಖರಾದಲ್ಲೇ ಎರಡು ದಿನ ನಿಂತುಬಿಡಿ. ಫೇವಾ ಸರೋವರವಿದೆ, ಬಿಸಿಬಿಸಿ ದಾಲ್-ಭಾತ್ ಸಿಗುತ್ತದೆ.